ಜೊತೆಗಾರನ ಕುರ್ಚಿ

ನನ್ನ ಗಂಡ ಕ್ರೇನ್ ಆಪರೇಟರ್ ಅಂದರೆ ಜನ ಮೆಟ್ರೋ ಕೆಲಸವಾ ಎಂದು ಕೇಳುತ್ತಾರೆ. ಅಲ್ಲ. ಬಂದರಿನಲ್ಲಿ ಹಡಗಿನ ಪಕ್ಕ ನಿಲ್ಲುವ ದೊಡ್ಡ ಕ್ರೇನು. ಎತ್ತರದಲ್ಲಿ ಒಂದು ಗಾಜಿನ ಗೂಡು, ಕಾಲಡಿಯಲ್ಲೂ ಗಾಜು. ಪಾಳಿ ಮುಗಿಯುವ ತನಕ ಬಗ್ಗಿ ಕೆಳಗೆ ನೋಡುತ್ತಾ ಕಂಟೇನರ್ ಎತ್ತಬೇಕು, ಇಳಿಸಬೇಕು. ಮದುವೆಯಾದ ಹೊಸತರಲ್ಲಿ ಈ ಮನುಷ್ಯ ನನ್ನ ಮುಖ ನೋಡದೆ ತಟ್ಟೆ ನೋಡಿಕೊಂಡೇ ಮಾತಾಡುತ್ತಾರಲ್ಲ ಎಂದು ಬೇಜಾರಾಗುತ್ತಿತ್ತು. ಅದು ಕತ್ತು ನೋವು ಎಂದು ಆಮೇಲೆ ಗೊತ್ತಾಯಿತು.

ಅವರ ಅಪ್ಪ, ಅಂದರೆ ನನ್ನ ಮಾವ, ಅದೇ ಬಂದರಿನಲ್ಲಿ ಹಡಗಿನ ಮೇಲೆ ಕೊಕ್ಕೆಯಿಂದ ಸರಕೆತ್ತುವ ವಿಂಚ್ ಓಡಿಸಿ ನಿವೃತ್ತರಾದವರು. ಕೋಲಾರದ ಕಡೆಯ ಮನೆತನ. ಮಾಧವರಂನಲ್ಲಿ ನೆಲೆ ನಿಂತು ಎಷ್ಟು ಕಾಲವಾಯಿತೆಂದರೆ ನಮ್ಮ ಕನ್ನಡದಲ್ಲಿ ಕಾಲು ಭಾಗ ತಮಿಳು. ಮಾವನ ಕಾಲದ ಕಾನೂನು ಬೇರೆ ಇತ್ತು. ಬಂದರಿನ ಕೆಲಸಗಾರರ ಹೆಸರೆಲ್ಲ ಒಂದು ಬೋರ್ಡಿನಲ್ಲಿ ನೋಂದಣಿ. ಹಡಗು ಯಾರದೇ ಇರಲಿ, ಸರಕು ಯಾರದೇ ಇರಲಿ, ಸರದಿಯ ಪ್ರಕಾರ ಗ್ಯಾಂಗ್ ಕಳಿಸುವುದು ಬೋರ್ಡು. ಬೆಳಿಗ್ಗೆ ಹೆಸರು ಕೂಗುವಾಗ ಬಂದು ನಿಂತಿದ್ದರೆ ಸಾಕು, ಆ ದಿನ ಹಡಗಿಲ್ಲದಿದ್ದರೂ ಹಾಜರಿ ಕೂಲಿ ಸಿಗುತ್ತಿತ್ತು. ಬ್ಯಾಂಕಿನಲ್ಲಿದ್ದ ಒಬ್ಬ ನೆಂಟರು ಮದುವೆಮನೆಗಳಲ್ಲಿ ಇದನ್ನೇ ಹಿಡಿದು ಕಾಡುತ್ತಿದ್ದರು, ನಿಂತುಕೊಂಡು ಸಂಬಳ ತಗೊಳ್ಳುವ ಕೆಲಸ ನಿಮ್ಮದು ಎಂದು. ಮಾವ ಎಲೆಯಿಂದ ತಲೆ ಎತ್ತದೆ, "ನೀನು ಕೂತ್ಕಂಡು ತಗೊಂತೀಯಲ್ಲಪ್ಪ, ನಾನೇನಾನ ಕೇಳಿದ್ನಾ?" ಎನ್ನುತ್ತಿದ್ದರು.

ಅವರ ಗ್ಯಾಂಗುಗಳಲ್ಲಿ ಒಂದು ಪದ್ಧತಿಯಿತ್ತು. ಹಡಗಿನಲ್ಲಿ ಯಾರಿಗಾದರೂ ಪೆಟ್ಟಾದರೆ ವಿಂಚಿನವನು ಕೊಕ್ಕೆಯನ್ನು ಕೆಳಗಿಳಿಸಿ ಕೈ ತೆಗೆಯಬೇಕು. ಪೆಟ್ಟಾದವನು ಹಡಗಿನಿಂದ ಇಳಿಯುವ ತನಕ ಕೊಕ್ಕೆ ಮೇಲೇಳುವುದಿಲ್ಲ. ಮನುಷ್ಯ ಬಿದ್ದಿರುವಾಗ ಅವನ ತಲೆಯ ಮೇಲೆ ಸರಕು ಹೋಗಬಾರದು, ಅಷ್ಟೇ. ಇದನ್ನು ಯಾವ ಕಾಯ್ದೆಯೂ ಹೇಳಿರಲಿಲ್ಲ. ಆದರೆ ಕೊಕ್ಕೆ ಇಳಿಸಿದವನನ್ನು ಕೆಲಸದಿಂದ ತೆಗೆಯುವ ಅಧಿಕಾರ ಹಡಗಿನವರಿಗೆ ಇರಲಿಲ್ಲವಾದ್ದರಿಂದ ಪದ್ಧತಿ ಉಳಿದುಕೊಂಡಿತ್ತು. ನನ್ನ ಗಂಡ ಇದನ್ನು ಕೇಳಿಸಿಕೊಂಡೇ ಬೆಳೆದವರು.

ಬೋರ್ಡು ಹೋಗಿ ಬಹಳ ಕಾಲವಾಯಿತು. ಈಗ ಒಂದೇ ಹಡಗಿನಲ್ಲಿ ಕ್ರೇನ್ ಓಡಿಸುವವರು ಒಂದು ಕಂಪನಿ. ಡೆಕ್ಕಿನ ಮೇಲೆ ಕಂಟೇನರುಗಳಿಗೆ ಕಬ್ಬಿಣದ ಸರಳು ಬಿಗಿಯುವ, ಬಿಚ್ಚುವ ಲ್ಯಾಶಿಂಗ್ ಜನ ಇನ್ನೊಬ್ಬ ಕಂಟ್ರಾಕ್ಟರಿನವರು. ಆ ಕಂಟ್ರಾಕ್ಟರೂ ಆಗಾಗ ಬದಲಾಗುತ್ತಾನೆ, ಜನ ಮಾತ್ರ ಅವರೇ.

ಒಂದು ದಿನ ನನ್ನ ಗಂಡ ಮಧ್ಯಾಹ್ನವೇ ಮನೆಗೆ ಬಂದರು. ಊಟ ಬೇಡ ಅಂದರು. ಮಾವನ ಎದುರು ಕೂತು ನಡೆದದ್ದನ್ನು ಹೇಳಿದರು. ಲ್ಯಾಶಿಂಗಿನವನೊಬ್ಬ ಕಂಟೇನರ್ ಮೇಲಿಂದ ಡೆಕ್ಕಿಗೆ ಬಿದ್ದ. ಗಾಜಿನಲ್ಲಿ ಇವರಿಗೆ ಅದು ನೇರ ಕಂಡಿತು. ಇವರು ಕಂಟೇನರ್ ಕಚ್ಚಿ ಎತ್ತುವ ಕ್ರೇನಿನ ಹಿಡಿಯನ್ನು, ಖಾಲಿಯಿದ್ದದ್ದನ್ನು, ಹಡಗಿನ ಪಕ್ಕದ ಕಟ್ಟೆಗೆ ಇಳಿಸಿ ಕೈ ತೆಗೆದರು. ಸೂಪರ್‌ವೈಸರ್ ವಾಕಿಟಾಕಿಯಲ್ಲಿ, ಅವನು ಬಿದ್ದಿರುವುದು ಆ ತುದಿಯಲ್ಲಿ, ನೀನು ಈ ತುದಿಯ ಕಂಟೇನರ್ ಎತ್ತು ಎಂದ. ಅವನು ಕೆಳಗಿಳಿಯಲಿ, ಆಮೇಲೆ ಎತ್ತುತ್ತೇನೆ ಎಂದರು ಇವರು. ಸ್ಟ್ರೆಚರ್ ಬಂದು, ಅವನನ್ನು ಕಟ್ಟಿ ಇಳಿಸಿ, ಆಂಬುಲೆನ್ಸ್ ಹೊರಟ ಮೇಲೆ ಮತ್ತೆ ಕೆಲಸ ಶುರು ಮಾಡಿದರು. ಅಷ್ಟರಲ್ಲಿ ಬದಲಿ ಆಪರೇಟರ್ ಏಣಿ ಹತ್ತಿ ಬಂದಿದ್ದ. ಇವರನ್ನು ಇಳಿಸಿ ಗೇಟಿನಿಂದ ಹೊರಗೆ ಕಳಿಸಿದರು.

ಮಾವ ಎಲ್ಲ ಕೇಳಿ ಒಂದೇ ಮಾತು ಕೇಳಿದರು. "ಉಸಿರಿತ್ತಾ?"

"ಇತ್ತಪ್ಪ."

ಉಸಿರಿತ್ತು, ಸೊಂಟ ಮುರಿದಿತ್ತು. ನನ್ನ ಗಂಡನಿಗೆ ಸಸ್ಪೆನ್ಷನ್, ಅರ್ಧ ಸಂಬಳ. ಸ್ವಂತ ಇಚ್ಛೆಯಿಂದ ಕೆಲಸ ನಿಲ್ಲಿಸಿ ಹಡಗನ್ನು ತಡ ಮಾಡಿದರು ಎಂದು ಆರೋಪ. ಕಂಪನಿಯೊಳಗೇ ವಿಚಾರಣೆ, ನಡೆಸುವುದಕ್ಕೆ ಹೊರಗಿನ ವಕೀಲರೊಬ್ಬರನ್ನು ಕರೆಸುತ್ತಾರೆ. ಆರೋಪ ಹೊತ್ತವನು ತನ್ನ ವಕೀಲನನ್ನು ತರುವ ಹಾಗಿಲ್ಲ. ಅವನ ಪರವಾಗಿ ಪಕ್ಕದಲ್ಲಿ ಕೂರುವುದಕ್ಕೆ ಒಬ್ಬ ಸಹೋದ್ಯೋಗಿಯನ್ನು ಕರೆತರಬಹುದು. ಯಾರೂ ಕೂರದಿದ್ದರೆ ಇವರು ಒಂಟಿ, ಒಂಟಿಯಾದವನನ್ನು ತೆಗೆಯುವುದು ಸುಲಭ. ಇದನ್ನು ನಮಗೆ ಹೇಳಿದ್ದು ಇವರದೇ ಪಾಳಿಯ, ಪಕ್ಕದ ಕ್ರೇನಿನ ಆಪರೇಟರ್. ಹಾಗಾದರೆ ನೀನೇ ಬಾ ಎಂದು ಇವರು ಕೇಳಿದರೆ ಆತ ಟೀ ಲೋಟ ಕೆಳಗಿಟ್ಟ. ಮನೆ ಸಾಲ, ಕಾಲೇಜಿನ ಮಗಳು, ಎಲ್ಲ ಹೇಳಿ, ಇವತ್ತು ನಿನ್ನ ಪಕ್ಕ ನಾನು ಕೂತರೆ ನಾಳೆ ನನ್ನ ಪಕ್ಕ ಯಾರು ಕೂರುತ್ತಾರೆ ಎಂದು ತಮಿಳಿನಲ್ಲಿ ಕೇಳಿ ಎದ್ದು ಹೋದ. ನನಗೆ ಮೈಯೆಲ್ಲ ಉರಿಯಿತು. ಇವರು ಮಾತ್ರ, ಅವನು ಕೇಳಿದ್ದರಲ್ಲಿ ತಪ್ಪೇನಿದೆ ಎಂದರು.

ಉಳಿದ ಆಪರೇಟರುಗಳು ಫೋನನ್ನೇ ಎತ್ತಲಿಲ್ಲ.

ಮಾವ ಟ್ರಂಕಿನಿಂದ ಬಿಳಿ ಶರ್ಟು ತೆಗೆಸಿದರು. "ನಾನ್ ಕೂತ್ಕಂತೀನಿ" ಎಂದರು. ಬೋರ್ಡಿನಲ್ಲಿ ನೋಂದಣಿಯಾದವನು ಸಾಯೋ ತನಕ ಬಂದರಿನ ಕೆಲಸಗಾರನೇ ಎಂದು ಅವರ ನಂಬಿಕೆ. ನಾವು ಬೇಡವೆಂದರೂ ಕೇಳಲಿಲ್ಲ. ವಿಚಾರಣೆ ನಡೆಯುವ ಆಫೀಸು ಬಂದರಿನ ಹೊರಗೆ, ಒಂದು ಕಟ್ಟಡದ ಮೊದಲ ಮಹಡಿಯಲ್ಲಿತ್ತು. ಮಾವ ಸೀದಾ ಒಳಗೆ ಹೋಗಿ ಮಗನ ಪಕ್ಕದ ಕುರ್ಚಿಯಲ್ಲಿ ಕೂತುಬಿಟ್ಟರು. ವಿಚಾರಣೆ ನಡೆಸುವ ವಕೀಲರು ಒಳ್ಳೆಯವರೇ. ನೀರು ಕೊಡಿಸಿದರು, ಅಯ್ಯಾ ಎಂದು ಕರೆದರು. ಆಮೇಲೆ ಮೆತ್ತಗೆ ಹೊರಗೆ ಕಳಿಸಿದರು. ಮಾವ ಹೊರಗಿನ ಬೆಂಚಿನ ಮೇಲೆ ನನ್ನ ಪಕ್ಕ ಬಂದು ಕೂತರು. ಸಹೋದ್ಯೋಗಿ ಬೇಕೆಂದು ಇವರು ಕೇಳಿದ್ದರಿಂದ ವಿಚಾರಣೆ ಮುಂದಕ್ಕೆ ಹೋಯಿತು.

ಎರಡನೆಯ ಸಲ ನಾವು ಮೆಟ್ಟಿಲು ಹತ್ತುವ ಹೊತ್ತಿಗೆ ಬಾಗಿಲಲ್ಲಿ ಒಬ್ಬ ನಿಂತಿದ್ದ. ನರೆತ ಮೀಸೆ, ತೊಳೆದರೂ ಹೋಗದ ಗ್ರೀಸಿನ ಕೈ. ಬಿದ್ದವನ ಜೊತೆಗೆ ಸರಳು ಬಿಗಿಯುತ್ತಿದ್ದವನು. ಅವರು ಇಬ್ಬಿಬ್ಬರೇ ಸೇರಿ ಕೆಲಸ ಮಾಡುವುದು. ನಾನು ಕೂರುತ್ತೇನೆ ಅಂದ. ಕರೆದವರು ಯಾರು ಎಂದು ನನ್ನ ಗಂಡ ಕೇಳಿದರೆ, ಇದಕ್ಕೂ ಕರೀಬೇಕಾ ಅಂದ.

ಅವನನ್ನೂ ಕೂರಿಸಲಿಲ್ಲ. ಕಂಪನಿಯ ಆಫೀಸರ್ ತಕ್ಷಣ ಎದ್ದು ನಿಂತರಂತೆ. ಇವನು ನಮ್ಮ ಕೆಲಸಗಾರನಲ್ಲ, ಬೇರೆ ಕಂಟ್ರಾಕ್ಟರಿನವನು, ಸಹೋದ್ಯೋಗಿ ಎಂದರೆ ಇದೇ ಕಂಪನಿಯವನಾಗಿರಬೇಕು. ವಕೀಲರು ನಿಯಮ ನೋಡಿ ಹೌದು ಎಂದರು. ನನ್ನ ಗಂಡ ಅವರಿಗೆ ಹೇಳಿದ್ದನ್ನು ಬಾಗಿಲ ಸಂದಿಯಿಂದ ನಾನೇ ಕೇಳಿದೆ.

"ಸಾರ್, ನಾನ್ ಎತ್ತೋ ಬಾಕ್ಸನ್ನ ಬಿಚ್ಚಿ ಕೊಡೋನು ಇವನು. ನನ್ ಕೈ ತಪ್ಪಿದ್ರೆ ಸಾಯೋನು ಇವನು. ಇವನು ಜೊತೆಗಾರ ಅಲ್ಲಾಂದ್ರೆ ಇನ್ಯಾರು ಸಾರ್?" ಅರ್ಧ ಕನ್ನಡ, ಅರ್ಧ ತಮಿಳು. ಸಿಟ್ಟು ಬಂದರೆ ಇವರದು ಹಾಗೆಯೇ.

ಮೀಸೆಯವನು ಹೊರಗೆ ಬಂದ. ಮನೆಗೆ ಹೋಗುತ್ತಾನೆ ಅಂದುಕೊಂಡೆ. ಅವನು ಬಾಗಿಲ ಎದುರಿನ ಗೋಡೆಗೆ ಒರಗಿ ನೆಲದ ಮೇಲೆ ಕೂತ. ಬೆಂಚಿಗೆ ಬನ್ನಿ ಅಂದೆ. "ಪರವಾಯಿಲ್ಲೆ ಅಕ್ಕಾ" ಅಂದ. ಇವತ್ತು ಕೆಲಸ ಇರಲಿಲ್ಲವಾ ಎಂದು ಕೇಳಿದೆ. ಹಡಗು ಬಂದಿದೆ, ನಾನು ಹೋಗಲಿಲ್ಲ, ಹೋಗದಿದ್ದರೆ ಕೂಲಿ ಇಲ್ಲ, ಅಷ್ಟೇ ಎಂದ. ಆಸ್ಪತ್ರೆಯಲ್ಲಿರುವವನ ಬಗ್ಗೆ ಹೇಳಿದ. ಬಿದ್ದವನಿಗೆ ಪ್ರಜ್ಞೆಯಿತ್ತಂತೆ. ಮಲಗಿದ್ದಲ್ಲಿಂದ ಮೇಲೆ ನೋಡಿ, ಹಿಡಿ ಕಟ್ಟೆಯ ಕಡೆಗೆ ಇಳಿದು ಹೋದದ್ದನ್ನು ಕಂಡು, ಇನ್ನು ಯಾರೂ ನನ್ನ ಮೇಲೆ ಏನನ್ನೂ ತರುವುದಿಲ್ಲ ಎಂದು ಕಣ್ಣು ಮುಚ್ಚಿದನಂತೆ. ಡಬ್ಬಿಯಲ್ಲಿದ್ದ ಚಿತ್ರಾನ್ನ ಕೊಟ್ಟೆ. ಅರ್ಧ ತಿಂದು ಅರ್ಧ ನನಗೇ ವಾಪಸ್ ಕೊಟ್ಟ.

ಅವತ್ತು ಒಳಗೆ ಕಂಪನಿಯ ಸಾಕ್ಷಿಗಳು ಹೇಳಿದ್ದಕ್ಕೆಲ್ಲ ನನ್ನ ಗಂಡ ಒಂಟಿಯಾಗಿಯೇ ಉತ್ತರ ಕೊಟ್ಟರು. ಪಕ್ಕದ ಕುರ್ಚಿ ಖಾಲಿ. ಮುಂದಿನದು ಕೊನೆಯ ದಿನ, ಅಷ್ಟರೊಳಗೆ ಯಾರೂ ಬರದಿದ್ದರೆ ಹೀಗೇ ಮುಗಿಸುತ್ತೇನೆ ಎಂದು ವಕೀಲರು ಹೇಳಿ ಕಳಿಸಿದರು.

ಆ ಕೊನೆಯ ದಿನ ಗೋಡೆಗೆ ಒರಗಿ ಕೂತ ಮೀಸೆಯವನ ಜೊತೆ ಲ್ಯಾಶಿಂಗಿನವರು ಇನ್ನೂ ಕೆಲವರಿದ್ದರು. ಘೋಷಣೆ ಇಲ್ಲ, ಬಾವುಟ ಇಲ್ಲ. ಬಾಡಿಗೆ ಮನೆ ಓನರ್ ಬರುವುದನ್ನು ಕಾಯುವವರ ಹಾಗೆ ಸುಮ್ಮನೆ ಕೂತಿದ್ದರು. ಆಗ ಮೆಟ್ಟಿಲು ಹತ್ತಿ ಬಂದದ್ದು ಪಕ್ಕದ ಕ್ರೇನಿನ ಆಪರೇಟರ್, ಮನೆ ಸಾಲದವನು. ಕಂಪನಿಯ ಪರ ಸಾಕ್ಷಿ ಹೇಳಲು ಬಂದಿದ್ದಾನೆ ಎಂದೇ ನಾನು ಮುಖ ತಿರುಗಿಸಿದೆ. ಆತ ನನ್ನ ಮುಂದೆ ನಿಂತು, ನೆಲದ ಮೇಲೆ ಕೂತವರತ್ತ ಕೈ ತೋರಿಸಿದ. ಆತನ ತಮಿಳನ್ನು ಕನ್ನಡದಲ್ಲಿ ಹೇಳುತ್ತೇನೆ.

"ಅಕ್ಕಾ, ಈಗ ನಾನು ಗೂಡಲ್ಲಿ ಕೂತಿದ್ರೆ ಇವರು ಡೆಕ್ಕಿಗೆ ಬರೋದೇ ಇಲ್ಲ. ಹಿಡಿ ಕೆಳಗಿಳಿಸಿ, ಕೈ ತೆಗೆದು ತೋರಿಸಬೇಕು, ಆಮೇಲೇ ಬರ್ತಾರೆ. ಒಂದೊಂದು ಬಾಕ್ಸಿಗೂ ಹಾಗೇ. ಜಗಳ ಇಲ್ಲ, ಬೈಗುಳ ಇಲ್ಲ. ನನ್ನ ನಂಬಲ್ಲ, ಅಷ್ಟೇ. ಹಿಂಗೆ ಹೆಂಗೆ ಕೆಲಸ ಮಾಡ್ಲಿ?"

ಹೇಳಿ ಒಳಗೆ ಹೋಗಿ ಆ ಕುರ್ಚಿಯಲ್ಲಿ ಕೂತ. ನೆಲದ ಮೇಲೆ ಕೂತವರು ಒಬ್ಬರನ್ನೊಬ್ಬರು ನೋಡಿಕೊಂಡರು. ಮೀಸೆಯವನು ಎದ್ದು ಕೆಳಗೆ ಹೋಗಿ ಬೀಡಿ ಹಚ್ಚಿದ.

ಆತ ಒಳಗೆ ದೊಡ್ಡದೇನನ್ನೂ ವಾದಿಸಲಿಲ್ಲವಂತೆ. ಅವತ್ತು ಪಕ್ಕದ ಕ್ರೇನಿನಿಂದ ಕಂಡದ್ದನ್ನು ಹೇಳಿದ. ಮನುಷ್ಯ ಇಳಿದ ಕೂಡಲೇ ಇವರು ಕೆಲಸ ಶುರು ಮಾಡಿದರು ಎಂದ. ಕಂಪನಿಯವರು ಆತನಿಗೆ ಕೇಳಿದ ಪ್ರಶ್ನೆಗಳಲ್ಲಿ ಬೆದರಿಕೆಯೂ ಇತ್ತು. ಆತ ಅದನ್ನೂ ಬರೆದುಕೊಳ್ಳಿ ಎಂದು ವಕೀಲರಿಗೆ ಹೇಳಿದನಂತೆ.

ತೀರ್ಪು ಬಂತು. ಆರೋಪ ಸಾಬೀತಾಗಿದೆ, ಆದರೆ ಕೆಲಸದಿಂದ ತೆಗೆಯುವಂಥದ್ದಲ್ಲ. ಇನ್‌ಕ್ರಿಮೆಂಟ್ ಕಟ್. ಹಡಗಿನ ಕ್ರೇನಿನಿಂದ, ಕಂಟೇನರ್ ಪೇರಿಸಿಡುವ ಯಾರ್ಡಿನ ಕ್ರೇನಿಗೆ. ಗೆದ್ದೆವು ಎಂದು ಬರೆಯುವುದಕ್ಕೆ ನನ್ನ ಕೈ ಬರುವುದಿಲ್ಲ. ಸೊಂಟ ಮುರಿದವನು ಇನ್ನು ಹಡಗು ಹತ್ತುವುದಿಲ್ಲ. ಅವನ ಪರಿಹಾರದ ಕೇಸು ಹಳೆಯ ಕಂಟ್ರಾಕ್ಟರು, ಹೊಸ ಕಂಟ್ರಾಕ್ಟರು ಇಬ್ಬರ ನಡುವೆ ಇನ್ನೂ ಓಡಾಡುತ್ತಿದೆ.

ತೀರ್ಪಿನ ಸುದ್ದಿಯನ್ನು ಮಾವನಿಗೆ ನಾನೇ ಹೇಳಿದೆ. ಅವರು ಹಗ್ಗದ ಮಂಚದ ಮೇಲೆ ಕಾಲು ಮಡಚಿ ಕೂತಿದ್ದರು. ಇನ್‌ಕ್ರಿಮೆಂಟ್ ಬಗ್ಗೆ ಕೇಳಲಿಲ್ಲ, ಯಾರ್ಡಿನ ಬಗ್ಗೆಯೂ ಕೇಳಲಿಲ್ಲ.

"ಹೊರಗಡೆ ಕೂತಿದ್ರಲ್ಲಮ್ಮಾ, ಅವರಿಗೆ ಆವತ್ತಿನ ಹಾಜರಿ ಕೊಟ್ರಾ?" ಅಂದರು.

ಇಲ್ಲ ಮಾವ, ಈಗ ಅದೆಲ್ಲ ಇಲ್ಲ ಎಂದೆ.

ಮಾವ ತಲೆಯಾಡಿಸಿದರು. ಆಮೇಲೆ, ಅವರಲ್ಲಿ ಆ ಮೀಸೆಯವನು ಭಾನುವಾರ ಊಟಕ್ಕೆ ಬರುತ್ತಾನಾ ಕೇಳು ಅಂದರು. ಅವನು ಬಂದ. ಮಾವ ತಮ್ಮ ಎಲೆಯ ಪಕ್ಕದಲ್ಲೇ ಅವನಿಗೂ ಎಲೆ ಹಾಕಿಸಿದರು.