ಆನೆ ಬಂದ ರಾತ್ರಿ, ಮಗಳ ನಿದ್ದೆ

ಮಗಳಿಗೆ ಎಂಟು ತಿಂಗಳು ತುಂಬಿದ ಬೇಸಿಗೆಯಲ್ಲಿ ನಾನು ಕಂಡಕಂಡವರನ್ನೆಲ್ಲ ಒಂದೇ ಪ್ರಶ್ನೆ ಕೇಳುತ್ತಿದ್ದೆ: ನಿಮ್ಮ ಮಕ್ಕಳು ರಾತ್ರಿ ಮಲಗುತ್ತಿದ್ದರಾ? ಮಲಗುತ್ತಿದ್ದರೆ ಹೇಗೆ?

ಕೇಳದೆ ಏನು ಮಾಡಲಿ? ನಮ್ಮವಳು ರಾತ್ರಿಯಿಡೀ ತಾಸಿಗೊಮ್ಮೆ ಏಳುತ್ತಿದ್ದಳು. ಎತ್ತಿಕೊಂಡು, ಹಾಲು ಕುಡಿಸಿ, ಬೆನ್ನು ತಟ್ಟಿ ಮಲಗಿಸಿ, ನನ್ನ ತಲೆ ದಿಂಬಿಗೆ ತಾಗುವಷ್ಟರಲ್ಲಿ ಮತ್ತೆ ‘ಉಂ’ ಅನ್ನುತ್ತಿದ್ದಳು. ಜೂನ್‌ಗೆ ನನ್ನ ರಜೆ ಮುಗಿಯುತ್ತಿತ್ತು. ಗೋಣಿಬೀಡಿನ ಹತ್ತಿರದ ಒಂದು ಶಾಲೆಯಲ್ಲಿ ನಾನು ಗಣಿತ ಕಲಿಸುವವಳು. ಅಷ್ಟರೊಳಗೆ ಇವಳು ಮಲಗುವುದನ್ನು ಕಲಿಯಬೇಕು, ಇಲ್ಲದಿದ್ದರೆ ನಾನು ಕೆಲಸ ಬಿಡಬೇಕು. ಬಿಡುವ ಮನಸ್ಸು ನನಗೆ ಎಳ್ಳಷ್ಟೂ ಇರಲಿಲ್ಲ. ಆದರೆ ಒಮ್ಮೆ ಚುಚ್ಚುಮದ್ದು ಹಾಕಿಸಲು ಅವಳನ್ನೆತ್ತಿಕೊಂಡು ಬಸ್ಸು ಹತ್ತಿದವಳು, ಗೋಣಿಬೀಡಿನಲ್ಲಿ ಇಳಿಯುವುದು ಬಿಟ್ಟು ಮೂಡಿಗೆರೆಯವರೆಗೂ ಗೊರಕೆ ಹೊಡೆದಿದ್ದೆ. “ಅಕ್ಕಾ, ಇದೇ ಕೊನೇ ಸ್ಟಾಪು” ಅಂತ ಕಂಡಕ್ಟರ್ ಎಬ್ಬಿಸಿದಾಗ ನನ್ನ ಮಗಳು ಕಣ್ಣರಳಿಸಿಕೊಂಡು ಅವನ ಟಿಕೆಟ್ ಮೆಷಿನ್ ನೋಡಿ ನಗುತ್ತಿದ್ದಳು. ಹೀಗಿರುವವಳು ಮಕ್ಕಳಿಗೆ ಭಿನ್ನರಾಶಿ ಏನು ಹೇಳಿಕೊಟ್ಟಾಳು!

ನನ್ನ ಪ್ರಶ್ನೆಗೆ ಉತ್ತರಗಳಿಗೇನೂ ಬರವಿರಲಿಲ್ಲ. ನಮ್ಮ ಜೀಪು ರಿಪೇರಿ ಮಾಡುವ ಭಾಯಿಯ ಹೆಂಡತಿ, “ಸಂಜೆ ಬಿಸಿ ನೀರು ಹಾಕಿ, ನಮ್ಮ ನಾಲ್ಕೂ ಹಂಗೇ ಮಲಗಿದ್ದು” ಅಂದರು. ತೋಟದ ಮೇಸ್ತ್ರಿಯ ಹೆಂಡತಿ ದೃಷ್ಟಿ ತೆಗೆಯಿರಿ ಅಂದಳು. ಫೋನಿನಲ್ಲಿ ನನ್ನ ಅಮ್ಮ, “ನೀನು ಮಲಗ್ತಿದ್ದೆ ಅನ್ಸುತ್ತೆ ಕಣೆ” ಅಂದಳು. ಅನ್ಸುತ್ತೆ! ಹೆತ್ತವಳಿಗೇ ನೆನಪಿಲ್ಲ. ಅತ್ತೆಯಂತೂ ಖಡಾಖಂಡಿತವಾಗಿ, “ನನ್ನ ಮಗ ಅಳ್ತಾನೇ ಇರ್ಲಿಲ್ಲ” ಅಂದುಬಿಟ್ಟರು. ನನಗೆ ಲೆಕ್ಕ ಕೂಡಲಿಲ್ಲ. ಊರಿನ ಮಕ್ಕಳೆಲ್ಲ ಮಲಗಿದ್ದರೆ ರಾತ್ರಿ ಅತ್ತವರು ಯಾರು?

ಕೊನೆಗೆ ಮೊಬೈಲಿನಲ್ಲಿ ಸಿಕ್ಕಿದ್ದು ಸ್ಲೀಪ್ ಟ್ರೇನಿಂಗ್. ಮಗುವನ್ನು ಬೇರೆ ಕೋಣೆಯಲ್ಲಿ ಮಲಗಿಸಬೇಕು. ಅತ್ತರೆ ತಕ್ಷಣ ಹೋಗಬಾರದು. ಮೊದಲು ಸ್ವಲ್ಪ ಹೊತ್ತು, ಮುಂದಿನ ಸಲ ಇನ್ನೂ ಸ್ವಲ್ಪ ಹೆಚ್ಚು ಹೊತ್ತು ಬಿಡಬೇಕು. ಆಗ ತಾನೇ ಮಲಗುವುದನ್ನು ಕಲಿಯುತ್ತದಂತೆ. ಒಬ್ಬಳು ಚೆಂದದ ಹುಡುಗಿ ನಗುನಗುತ್ತಾ ಇದನ್ನೆಲ್ಲ ವಿವರಿಸುತ್ತಿದ್ದಳು. ಅವಳ ಕಣ್ಣ ಕೆಳಗೆ ಒಂದು ಚೂರೂ ಕಪ್ಪಿರಲಿಲ್ಲ. ಅದನ್ನು ನೋಡಿಯೇ ನನಗೆ ಹೊಟ್ಟೆ ಉರಿದು, ಇವತ್ತೇ ಶುರು ಮಾಡುತ್ತೇನೆ ಅಂತ ನಿರ್ಧರಿಸಿದೆ.

ನಮ್ಮದು ಸಣ್ಣ ತೋಟ, ಸಣ್ಣ ಮನೆ. ಬೇರೆ ಕೋಣೆ ಅಂತ ಇದ್ದದ್ದು ಮೆಣಸಿನ ಮೂಟೆ ಇಡುವ ಜಾಗ. ನಾನು ಅಲ್ಲಿ ಗುಡಿಸಿ ತೊಟ್ಟಿಲು ಸಾಗಿಸುವುದನ್ನು ಕಂಡು ಅತ್ತೆ ಸೊಂಟಕ್ಕೆ ಕೈಯಿಟ್ಟು ನಿಂತರು.

“ಮೆಣಸಿನ ಮೂಟೆ ಜೊತೆ ನನ್ನ ಮೊಮ್ಮಗಳನ್ನ ಮಲಗಿಸ್ತೀಯಾ?”

“ಅಳೋಕೆ ಬಿಟ್ರೆ ಕಲೀತಾಳಂತೆ ಅತ್ತೆ.”

“ಏನು ಕಲೀತಾಳೆ? ಕರೆದ್ರೆ ಯಾರೂ ಬರಲ್ಲ ಅಂತ ಕಲೀತಾಳೆ.”

ನನಗೆ ರೇಗಿತು. ಮಗ ಅಳದೇ ಇದ್ದವರಿಗೆ ಇದು ಹೇಗೆ ಅರ್ಥವಾಗಬೇಕು ಅಂತ ಮುಖದ ಮೇಲೇ ಹೇಳಿದೆ. ಅವರು ಒಳಗೆ ಹೋದರು.

ಆದರೆ ಅವತ್ತು ತೊಟ್ಟಿಲು ಆ ಕೋಣೆಯಲ್ಲಿ ಉಳಿಯಲಿಲ್ಲ. ಕತ್ತಲಾಗುತ್ತಲೇ ಊರಿನ ವಾಟ್ಸಾಪ್ ಗುಂಪಿನಲ್ಲಿ ಸುದ್ದಿ ಬಂತು: ಆನೆ ಇದೆ, ಯಾರೂ ಹೊರಗೆ ಬರಬೇಡಿ. ಮಗಳನ್ನು ನನ್ನ ಹಾಸಿಗೆಯಲ್ಲೇ ಮಲಗಿಸಿಕೊಂಡೆ. ನಮ್ಮ ಕಡೆ ಹಲಸು ಹಣ್ಣಾಗುವ ಮೊದಲೇ ಎಲ್ಲರೂ ಕಾಯಿ ಕೆಡವಿಬಿಡುತ್ತಾರೆ, ವಾಸನೆಗೆ ಆನೆ ಬರುತ್ತದೆ ಅಂತ. ನನ್ನ ಗಂಡನೂ ಕೆಡವಿಸಿದ್ದರು. ಆದರೆ ಬಚ್ಚಲ ಹಿಂದಿನ ಬಕ್ಕೆ ಹಲಸಿನ ಒಂದು ಮರವನ್ನು ಮಾತ್ರ ಅತ್ತೆ ಮುಟ್ಟಗೊಟ್ಟಿರಲಿಲ್ಲ. ಅಂಥ ತೊಳೆ ಇಡೀ ತಾಲ್ಲೂಕಿನಲ್ಲಿಲ್ಲವಂತೆ. ಆನೆಗೂ ಅದು ಗೊತ್ತಾಗಿತ್ತು. ನಡುರಾತ್ರಿ ಬಚ್ಚಲ ಹಿಂದೆ ಕೊಂಬೆ ಮುರಿದ ಸದ್ದಾಯಿತು. ಇವರು ಲೈಟೆಲ್ಲ ಆರಿಸಿ ಹಜಾರದ ಕಿಟಕಿಯಲ್ಲಿ ಇಣುಕುತ್ತಾ ನಿಂತರು. ಅತ್ತೆಯ ಕೋಣೆ ಬಚ್ಚಲ ಕಡೆಗೇ ಇದ್ದದ್ದರಿಂದ ಅವರು ನನ್ನ ಹಾಸಿಗೆಗೆ ಬಂದು ಕೂತರು.

ಅದೇ ಹೊತ್ತಿಗೆ ನಮ್ಮಿಬ್ಬರ ಪಕ್ಕದಲ್ಲಿ ಮಲಗಿದ್ದ ಮಗಳು ‘ಉಂ’ ಅಂದಳು.

ನನ್ನ ಜೀವ ಬಾಯಿಗೆ ಬಂತು. ಎಂದಿನಂತೆ ಎತ್ತಿಕೊಳ್ಳಲು ಕೈ ಚಾಚಿದೆ. ಅತ್ತೆ ಮಣಿಕಟ್ಟು ಹಿಡಿದುಕೊಂಡರು. ಗಟ್ಟಿಯಾಗಿ. ಬಿಡಿಸಿಕೊಳ್ಳಲು ಹೋದರೆ ಮಂಚ ಕಿರ್ರೆನ್ನುತ್ತದೆ, ಅವಳು ಜೋರಾಗಿ ಅಳುತ್ತಾಳೆ, ಆನೆ ಗೋಡೆಯಾಚೆ ಇದೆ. ಉಸಿರು ಹಿಡಿದು ಕೂತೆ. ಮಗಳು ಕಾಲು ಝಾಡಿಸಿದಳು, ಮುಖ ಕಿವುಚಿದಳು, ಸಣ್ಣದಾಗಿ ಕುಂಯ್‌ಗುಟ್ಟಿದಳು. ನಾನು ಬಗ್ಗಿ ನೋಡಿದೆ. ಕಿಟಕಿಯ ಮಬ್ಬು ಬೆಳಕಿನಲ್ಲಿ ಅವಳ ಕಣ್ಣು ಮುಚ್ಚಿತ್ತು! ಇನ್ನೆರಡು ಸಲ ಹೊರಳಿ, ತುಟಿ ಚಪ್ಪರಿಸಿ, ಸುಮ್ಮನಾದಳು.

ಅವಳು ಎದ್ದೇ ಇರಲಿಲ್ಲ. ಇಷ್ಟು ದಿನವೂ ಅವಳು ನಿದ್ದೆಯಲ್ಲೇ ಗೊಣಗುತ್ತಿದ್ದಳು, ನಾನು ಧಡಕ್ಕನೆ ಎತ್ತಿ ಎಬ್ಬಿಸುತ್ತಿದ್ದೆ. ಅಯ್ಯೋ ನನ್ನ ಬುದ್ಧಿಗಿಷ್ಟು! ಹೊರಗೆ ಆನೆ ಹಲಸು ಸೀಳುತ್ತಿತ್ತು, ಒಳಗೆ ನನಗೆ ನಗು ತಡೆಯಲಾಗುತ್ತಿರಲಿಲ್ಲ. ಆಮೇಲೆ ಬೇಕೆಂದೇ ಎಚ್ಚರವಿದ್ದು ನೋಡಿದೆ. ಇನ್ನೊಂದು ಸಲವೂ ಹಾಗೇ ಆಯಿತು.

ಬೆಳಿಗ್ಗೆ ಬಚ್ಚಲ ಹಿಂದೆ ಸಿಪ್ಪೆಯ ರಾಶಿ, ಲದ್ದಿ, ಮುರಿದ ಕೊಂಬೆ. ಅತ್ತೆ ಸಪ್ಪೆ ಮುಖ ಮಾಡಿಕೊಂಡು ಸಿಪ್ಪೆ ಬಾಚುತ್ತಿದ್ದರು. ನಾನೂ ಒಂದು ಬುಟ್ಟಿ ಹಿಡಿದು ಕೂತೆ.

“ಅತ್ತೆ, ನಿಮಗೆ ಗೊತ್ತಿತ್ತಾ? ಅದಕ್ಕೇ ಕೈ ಹಿಡಿದ್ರಾ?”

“ಆನೆ ಹೆದರಿಕೆಗೆ ಹಿಡ್ಕೊಂಡೆ ಮಾರಾಯ್ತಿ. ತಾಯಿನ ತಡೆಯೋ ಪಾಪ ನನಗೆ ಬೇಡ.”

ನನ್ನ ಕುತೂಹಲ ಸುಮ್ಮನಿರುವ ಜಾತಿಯದಲ್ಲ. “ಮತ್ತೆ ನಿಮ್ಮ ಮಗ ಗೊಣಗಿದಾಗ ನೀವೆಷ್ಟು ಹೊತ್ತು ಕಾಯ್ತಿದ್ರಿ?”

ಅವರು ಬಾಚುವುದನ್ನು ನಿಲ್ಲಿಸಿದರು.

“ನಾನೆಲ್ಲಿ ಕಾದೆ? ಕಾಯಿಸಿದ್ರು. ಬಾಣಂತನ ಮುಗಿಸಿ ಇಲ್ಲಿಗೆ ಬಂದಮೇಲೆ ಮಗು ನನ್ನ ಅತ್ತೆ ಪಕ್ಕ ಮಲಗಬೇಕಿತ್ತು. ರಾತ್ರಿ ಅತ್ರೆ ಅವರು ಕರೆಯೋವರೆಗೂ ನಾನು ಕೋಣೆಯಿಂದ ಆಚೆ ಬರೋ ಹಾಗಿರ್ಲಿಲ್ಲ. ಬಾಗಿಲ ಹಿಂದೆ ನಿಂತಿರ್ತಿದ್ದೆ. ಹಾಲು ಸೋರಿ ರವಿಕೆಯೆಲ್ಲ ಒದ್ದೆ. ಅವರಿಗೆ ಎಚ್ಚರ ಆದ್ರೆ ಕರೀತಿದ್ರು, ಇಲ್ಲಾಂದ್ರೆ ಇವನು ಅತ್ತೂ ಅತ್ತೂ ಸುಸ್ತಾಗಿ ಮಲಗ್ತಿದ್ದ. ಆಮೇಲೆ ಅಳೋದೇ ಬಿಟ್ಟ. ಒಳ್ಳೆ ಮಗು, ಅಳೋದೇ ಇಲ್ಲ ಅಂತಿದ್ರು ಬಂದೋರೆಲ್ಲ. ಕೇಳಿ ಕೇಳಿ ನಾನೂ ಹಂಗೇ ಹೇಳೋಕೆ ಶುರು ಮಾಡ್ದೆ.”

ಹಿಂದಿನ ದಿನ ಅವರ ಮುಖಕ್ಕೆ ಹೊಡೆದ ಹಾಗೆ ಆಡಿದ ಮಾತು ನನ್ನನ್ನೇ ಚುಚ್ಚಿತು. ಅವರು ಮಾತ್ರ ಅಷ್ಟು ಹೇಳಿ ಮತ್ತೆ ಸಿಪ್ಪೆ ಬಾಚತೊಡಗಿದರು.

ಅವತ್ತಿನಿಂದ ನಾನು ಗೊಣಗಾಟಕ್ಕೆ ಏಳುವುದು ಬಿಟ್ಟೆ. ಕಣ್ಣು ಬಿಟ್ಟು ನಿಜವಾಗಿ ಅತ್ತರೆ ಮಾತ್ರ ಎತ್ತಿಕೊಳ್ಳುವುದು ಅಂತ ನನಗೆ ನಾನೇ ನಿಯಮ ಮಾಡಿಕೊಂಡೆ. ತಾಸಿಗೊಮ್ಮೆ ಏಳುತ್ತಿದ್ದವಳು ರಾತ್ರಿಗೆ ಒಂದು ಸಲಕ್ಕೆ, ಹೆಚ್ಚೆಂದರೆ ಎರಡು ಸಲಕ್ಕೆ ಇಳಿದಳು. ಜೂನ್‌ನಲ್ಲಿ ಶಾಲೆಗೆ ಹೋದೆ.

ಶಾಲೆ ಶುರುವಾಗುವ ಹಿಂದಿನ ರಾತ್ರಿ ಅವಳು ನಿಜವಾಗಿಯೇ ಎದ್ದಳು. ಕಣ್ಣು ಬಿಟ್ಟು, ಬಾಯಿ ತೆರೆದು, ಊರಿಗೇ ಕೇಳುವಂತೆ ಅತ್ತಳು. ನಾನು ಎದ್ದು ಕೂರುವಷ್ಟರಲ್ಲಿ ಬಾಗಿಲ ಹತ್ತಿರ ಯಾರೋ ನಿಂತಂತಾಯಿತು. ಅತ್ತೆ. ಒಳಗೆ ಕಾಲಿಡದೆ, ಹೊಸ್ತಿಲ ಆಚೆಯೇ, ಎರಡೂ ಕೈ ಸೆರಗಿನಲ್ಲಿ ಸುತ್ತಿಕೊಂಡು ನಿಂತಿದ್ದರು.

“ಅತ್ತೆ, ಬನ್ನಿ,” ಅಂದೆ. “ನೀವೇ ಎತ್ಕೊಳ್ಳಿ.”

ಅವರು ಬಂದ ರಭಸಕ್ಕೆ ಚಾಪೆ ಎಡವಿದರು. ಮಗಳು ಅವರ ಭುಜದ ಮೇಲೆ ಯಾವಾಗ ಸುಮ್ಮನಾದಳೋ ನನಗೆ ಗೊತ್ತಿಲ್ಲ. ಅಷ್ಟರಲ್ಲಿ ನಾನೇ ಮಲಗಿಬಿಟ್ಟಿದ್ದೆ.