ಗೈಬುಸಾಬನ ಪಾಳಿ

ವಿಜಯಪುರದ ಗಾಂಧಿ ಚೌಕದ ಹಿಂದಿನ ಓಣಿಯಲ್ಲಿ ಗೈಬುಸಾಬನದು ಮೈಕ್ ಸೆಟ್ ಬಾಡಿಗೆ ಕೊಡುವ ತಗಡಿನ ಅಂಗಡಿ. ತಿಕೋಟಾದ ಮದುವೆಗೂ ಬಬಲೇಶ್ವರದ ಬಯಲಾಟಕ್ಕೂ ನಮ್ಮ ಸಂಘಟನೆಯ ಧರಣಿಗಳಿಗೂ ಅವನದೇ ಭೋಂಗಾ ಸ್ಪೀಕರು. ನಾವು ಬರುವ ಮೊದಲೇ ಕಂಬ ಹತ್ತಿ ಅದನ್ನು ಕಟ್ಟಿರುತ್ತಿದ್ದ. "ಹಲೋ, ಹಲೋ" ಎಂದು ಊದಿ ನೋಡಿ, ಮೈಕನ್ನು ನನ್ನ ಕೈಗಿಟ್ಟು ನೆರಳಿಗೆ ಹೋಗಿ ಕೂಡುತ್ತಿದ್ದ. ಭಾಷಣ ನಮ್ಮದು. ಅವನು ಕೇಳುತ್ತಿದ್ದನೋ ನಿದ್ದೆ ಹೊಡೆಯುತ್ತಿದ್ದನೋ, ಯಾರು ವಿಚಾರಿಸಿದ್ದರು?

ಕಳೆದ ಮಳೆಗಾಲದಲ್ಲಿ ಓಣಿಯ ರಸ್ತೆ ಅಗಲ ಮಾಡುವ ನೋಟಿಸು ಪಾಲಿಕೆಯಿಂದ ಬಂತು. ಅವನ ಅಂಗಡಿ ಪೂರ್ತಿ ಹೋಗುತ್ತಿತ್ತು. ಅಹವಾಲು ಕೇಳಲು ಮೊಬೈಲಿನಲ್ಲೇ ವಿಡಿಯೋ ಮೀಟಿಂಗ್ ಇಟ್ಟಿದ್ದರು. ಅಲ್ಲಿ ಬಾಯಿ ಬಿಡದವನಿಗೆ ಏನೂ ಸಿಗುವಂತಿರಲಿಲ್ಲ. ಒಂದು ಇಂಚೂ ಬಿಡುವುದಿಲ್ಲ ಎಂಬ ಭಾಷಣ ತಯಾರು ಮಾಡಿಕೊಂಡು ನಾನು ಆ ದಿನ ಅವನ ಅಂಗಡಿಗೆ ಹೋದೆ.

ಅವನ ಮಗಳು ಸಾನಿಯಾ ಆಂಪ್ಲಿಫೈಯರಿಗೆ ಮೊಬೈಲು ಒರಗಿಸಿ ತಯಾರಿ ನೋಡುತ್ತಿದ್ದಳು. ಗೈಬುಸಾಬ ಬಗ್ಗಿ ಫೂ ಫೂ ಎಂದು ಊದಿದ.

"ಅಬ್ಬಾ, ಊದಬ್ಯಾಡ. ಮೊಬೈಲ್ ಮ್ಯಾಲೆಲ್ಲಾ ಉಗುಳ ಬಿತ್ತು," ಎಂದು ಅಪ್ಪನನ್ನು ತಡೆದಳು.

"ಊದ್ಲಿಲ್ಲಂದ್ರ ಮೈಕಿಗೆ ಜೀವ ಐತೋ ಇಲ್ಲೋ ಹೆಂಗ ಗೊತ್ತಾಗ್ಬೇಕ ಬೇ?"

"ಮಾತಾಡು. ಈ ಹಸರ ಗೆರಿ ಕುಣಿತೈತಿ ನೋಡು."

ಗೆರೆ ಕುಣಿಯಿತು. ಆದರೆ ಬೆನ್ನ ಹಿಂದೆ ಬಾಗಿಲಿನ ಬಿಸಿಲಿದ್ದುದರಿಂದ ಕ್ಯಾಮೆರಾದಲ್ಲಿ ಮುಖವೇ ಕಪ್ಪಾಗಿತ್ತು.

"ಕಳ್ಳ ಕುಂತಂಗ ಕಾಣಾಕತ್ತಿ ಲೇ," ಎಂದೆ.

"ನಿಮ್ಮ ಜೋಡಿ ಅಡ್ಡಾಡಿ ಅಡ್ಡಾಡಿ ಪೊಲೀಸರಿಗೂ ಹಂಗ ಕಂಡೇನ್ರಿ ಅಣ್ಣಾರ," ಎಂದು ಬಾಗಿಲಿಗೆ ಮುಖ ಮಾಡಿ ಕೂತ.

ಮೀಟಿಂಗ್ ಶುರುವಾಗಿ ಅವನ ಹೆಸರು ಬಂತು. "ಹಲೋ, ಕೇಳಸ್ತೈತೇನ್ರಿ?" ಎಂದ. ಕೇಳಿಸುತ್ತಿದೆ ಎಂದರು ಮೀಟಿಂಗ್ ನಡೆಸುತ್ತಿದ್ದ ಮೇಡಂ. ಅಷ್ಟಕ್ಕೆ ತನ್ನ ಕೆಲಸ ಮುಗಿಯಿತೆಂಬಂತೆ ಮೊಬೈಲನ್ನು ನನ್ನ ಕೈಗಿಟ್ಟು ಎದ್ದೇಬಿಟ್ಟ. ನಾನೂ ಗಂಟಲು ಸರಿಮಾಡಿಕೊಂಡೆ.

"ನೀವು ಯಾರು? ಅಂಗಡಿಯವರೇ ಮಾತಾಡಲಿ," ಎಂದರು ಮೇಡಂ.

ಗೈಬುಸಾಬ ತಿರುಗಿ ಬಂದು ಕೂತ. ಮತ್ತೆ ಮೊಬೈಲಿಗೆ ಫೂ ಫೂ ಎಂದು ಊದಿದ. ಸಾನಿಯಾ ಅಂಗಿ ಜಗ್ಗಿದಳು. "ಅಬ್ಬಾ, ಮುಂದಿನವರನ್ನ ಕರೀತಾರ. ಮಾತಾಡು."

"ರಸ್ತೆ ಆಗ್ಲಿ ಬಿಡ್ರಿ ಮೇಡಂ," ಎಂದ. ಬೇಡವೆಂದು ನಾನು ಕೈ ಆಡಿಸಿದೆ. "ಈ ಓಣ್ಯಾಗ ಟಂಟಂ ಗಾಡಿ ಬರೂದಿಲ್ರಿ. ಸಾಮಾನ ಹೊತ್ತು ಹೊತ್ತು ನನ್ನ ಸೊಂಟ ಹೋಗೇತಿ. ಗಾಡಿ ನಿಲ್ಲೂವಂಥಾ ಜಾಗಾ ಕೊಡ್ರಿ, ಊರ ಹೊರಗ ಇಟ್ಟಂಗಿಹಾಳ ರಸ್ತೇದಾಗ ಕೊಟ್ರೂ ನಡೀತೈತಿ. ಜಾಗಾ ತೋರ್ಸೂ ತನಕಾ ಮಾತ್ರ ತಗಡ ಕೀಳಬ್ಯಾಡ್ರಿ. ಇಷ್ಟ."

ಮೇಡಂ ಬರೆದುಕೊಂಡರು. ಮೊಬೈಲು ಬಂದ್ ಆದ ಮೇಲೆ, "ನಾ ಬ್ಯಾರೇನ ಹೇಳಾಂವ ಇದ್ದೆ," ಎಂದೆ.

"ಗೊತ್ತೈತ್ರಿ. ನೀವು ಹೇಳಿದ್ರ ಚಪ್ಪಾಳಿ ಬೀಳ್ತಿದ್ವು."

ದೀಪಾವಳಿಯ ಹೊತ್ತಿಗೆ ಇಟ್ಟಂಗಿಹಾಳ ರಸ್ತೆಯಲ್ಲಿ ಜಾಗ ತೋರಿಸಿದರು. ಆಮೇಲೆಯೇ ತಗಡು ಬಿಚ್ಚಿದ್ದು. ನಮ್ಮ ಸಂಘಟನೆಯ ಕೆಲವರು ಅವನನ್ನು ಅಂಜುಬುರುಕ ಎಂದರು. ಈಗ ಟಂಟಂ ಅವನ ಬಾಗಿಲಿಗೇ ಬರುತ್ತದೆ. ಚೌಕದ ಗಿರಾಕಿ ಕಡಿಮೆಯಾದದ್ದೂ ಖರೆ. ನನ್ನ ಭಾಷಣ ನಡೆದಿದ್ದರೆ ಅವನಿಗೆ ಏನು ಸಿಗುತ್ತಿತ್ತೋ, ನಾನಂತೂ ಹೇಳಲಾರೆ.