ರೆಪ್ಪೆಗೆ ಕತ್ತರಿ ಹಾಕುವ ಮುನ್ನ

೧೯೭೬ರ ಡಿಸೆಂಬರ್ ಎಂಟು, ಬುಧವಾರ, ಮಧ್ಯಾಹ್ನ ಎರಡು ಗಂಟೆ. ಕರಿಮಡ್ಡಿಯ ಸರಕಾರಿ ಆಸ್ಪತ್ರೆಗೆ ಕಣ್ಣಿನ ಡಾಕ್ಟರರು ಬರಲಿಲ್ಲ.

ಬರುವುದಿಲ್ಲವೆಂದು ಯಾರೂ ತಿಳಿಸಿರಲಿಲ್ಲ. ಹಿಂದಿನ ತಿಂಗಳೂ ತಿಳಿಸಿರಲಿಲ್ಲ. ಹೊರ್ತಿ, ಝಳಕಿ, ಸಾಲೋಟಗಿಯ ಕಡೆಯಿಂದ ಹಿಂದಿನ ದಿನವೇ ಬಂದಿದ್ದ ಮುದುಕರು, ಮುದುಕಿಯರು ಪಡಸಾಲೆಯ ಗೋಡೆಗೆ ಒರಗಿ ಕುಳಿತಿದ್ದರು. ಬೆಳಗಿನಿಂದ ಅವರ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಅವರ ಕಣ್ಣುಗಳಿಗೆ ರೆಪ್ಪೆಗೂದಲೂ ಇರಲಿಲ್ಲ. ಪೊರೆ ತೆಗೆಯುವ ಮುನ್ನಾದಿನ ರೋಗಿಯ ರೆಪ್ಪೆಗೂದಲನ್ನು ಬುಡಮಟ್ಟ ಕತ್ತರಿಸಿ, ಮುಖ ತೊಳೆಸಿ, ಮುಲಾಮು ಹಚ್ಚಿ ಸಿದ್ಧ ಮಾಡುವುದು ನಮ್ಮ ಆಸ್ಪತ್ರೆಗಳ ಪದ್ಧತಿ. ಡಾಕ್ಟರರು ಬಂದರೆ ಅದು ಸಿದ್ಧತೆ. ಬಾರದಿದ್ದರೆ, ಕೊಯ್ದ ಹೊಲದ ಕೂಳೆಯಂತೆ ಮರಳಿ ಮೊಳೆಯುವ ಆ ಕೂದಲು ವಾರಗಟ್ಟಲೆ ಕಣ್ಣನ್ನು ಚುಚ್ಚುತ್ತದೆ. ಚಕ್ಕಡಿ ದಾರಿಯ ಧೂಳನ್ನು ತಡೆಯಲು ರೆಪ್ಪೆಗೂದಲು ಇರುವುದಿಲ್ಲ.

ಅಂದು ಆ ಕತ್ತರಿ ಹಿಡಿದಿದ್ದವರು ಆಸ್ಪತ್ರೆಯ ಹಿರಿಯ ಸಿಸ್ಟರ್ ಶ್ರೀಮತಿ ಕಾಶಿಬಾಯಿ ಬಿದರಕುಂದಿ ಅವರು. ಕಳೆದ ಮೇ ತಿಂಗಳ ಕೊನೆಯ ದಿನ ಸೇವೆಯಿಂದ ನಿವೃತ್ತರಾದ ಅವರಿಗೆ ಗೆಳೆಯರೂ ಸಹೋದ್ಯೋಗಿಗಳೂ ಅರ್ಪಿಸುತ್ತಿರುವ ಈ ಗ್ರಂಥಕ್ಕೆ, ಅವರ ತಾಳ್ಮೆಯನ್ನು ಕುರಿತು ನಾಲ್ಕು ಮಾತು ಬರೆದುಕೊಡಬೇಕೆಂದು ಸಂಪಾದಕರು ನನ್ನನ್ನು ಕೇಳಿದ್ದಾರೆ. ಕಾಶಿಬಾಯಿಯವರನ್ನು ನಾನು ಬಲ್ಲಷ್ಟು ಕಾಲದಲ್ಲಿ ಅವರಲ್ಲಿ ತಾಳ್ಮೆಯನ್ನು ಕಂಡವನಲ್ಲ. ಕಂಡದ್ದು ಸಿಟ್ಟು. ಆದ್ದರಿಂದ ಅದನ್ನೇ ಬರೆಯುತ್ತೇನೆ.

ಮುದ್ದೇಬಿಹಾಳ ತಾಲೂಕಿನಲ್ಲಿ ಹುಟ್ಟಿ, ಮಿರಜದಲ್ಲಿ ತರಬೇತಿ ಪಡೆದು, ಮುಂಬಯಿ ಸರಕಾರದ ಕಾಲದಲ್ಲಿಯೇ ನೌಕರಿಗೆ ಸೇರಿದ ಕಾಶಿಬಾಯಿಯವರು ಸಿಂದಗಿ, ಬಸವನ ಬಾಗೇವಾಡಿ, ಇಂಡಿ, ಮುದ್ದೇಬಿಹಾಳ ಈ ನಾಲ್ಕೂ ತಾಲೂಕುಗಳಲ್ಲಿ ದುಡಿದವರು. ಹೆರಿಗೆಯ ಕೋಣೆಯಲ್ಲಿ ಅವರಷ್ಟು ಹೆಸರು ಪಡೆದ ಸಿಸ್ಟರು ಈ ಭಾಗದಲ್ಲಿ ವಿರಳ. ಅವರಷ್ಟು ಜೋರು ಬಾಯಿಯವರು ಇನ್ನೂ ವಿರಳ. ಸಿಂದಗಿಯಲ್ಲಿದ್ದಾಗ, ಡಾಕ್ಟರರು ರಜೆಯ ಮೇಲೆ ಹೋಗುವುದು ತಿಳಿದ ಕೂಡಲೆ ಬಸ್‌ಸ್ಟ್ಯಾಂಡಿಗೆ ನಡೆದು, ಹಳ್ಳಿಗಳಿಗೆ ಹೊರಟ ಕಂಡಕ್ಟರರಿಗೆ, “ನಾಳೆ ಡಾಕ್ಟರ ಇರೂದಿಲ್ಲ, ಬ್ಯಾನಿ ತೊಗೊಂಡು ಸುಮ್ನ ಬರಬ್ಯಾಡ್ರಿ ಅಂತ ಹೇಳ್ರಪಾ” ಎಂದು ಸಾರಿ ಬರುತ್ತಿದ್ದರು. ಇದು ಅವರ ಕೆಲಸವಾಗಿರಲಿಲ್ಲ. ಯಾರ ಕೆಲಸವಾಗಿತ್ತೋ ಅವರು ಅದನ್ನು ಮಾಡುತ್ತಿರಲಿಲ್ಲ. ಬಾಗೇವಾಡಿಯ ಕಡೆ ಸಾತವ್ವ ಎಂಬ ಬಸುರಿಯನ್ನು, ತಪಾಸಣೆಯ ವಾರ ಬದಲಾಗಿದೆಯೆಂದು ಬಾಗಿಲಿನಿಂದಲೇ ತಿರುಗಿಸಿ ಕಳುಹಿಸಿದಾಗ, ಕಾಶಿಬಾಯಿಯವರು ಹಿಂದೆಯೇ ಹೋಗಿ ದಾರಿಯಲ್ಲಿದ್ದ ಚಕ್ಕಡಿಯನ್ನು ನಿಲ್ಲಿಸಿ ಮರಳಿ ಕರೆತಂದರು. ಆ ಕೂಸು ಈಗ ಹೈಸ್ಕೂಲಿನಲ್ಲಿದೆ.

ಕರಿಮಡ್ಡಿಗೆ ಅವರು ಬಂದದ್ದು ಇದೆಲ್ಲದರ ನಂತರ. ಝಳಕಿಗೂ ಇಂಡಿಗೂ ನಡುವೆ, ಹೆದ್ದಾರಿಯಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿರುವ ಸಣ್ಣ ಆಸ್ಪತ್ರೆ ಅದು. ಪ್ರತಿ ತಿಂಗಳ ಎರಡನೆಯ ಬುಧವಾರ ಜಿಲ್ಲೆಯ ಊರಿನಿಂದ ಜೀಪಿನಲ್ಲಿ ಕಣ್ಣಿನ ಡಾಕ್ಟರರು ಬಂದು ಪೊರೆ ತೆಗೆಯಬೇಕು ಎಂಬ ಏರ್ಪಾಟು ಇತ್ತು. ನಮ್ಮ ಜನ ಕಣ್ಣಿಗೆ ಶಸ್ತ್ರ ಹಚ್ಚಿಸಿಕೊಳ್ಳುವುದು ದೀಪಾವಳಿಯಿಂದ ಶಿವರಾತ್ರಿಯವರೆಗೆ ಮಾತ್ರ. ಬಿಸಿಲು ಏರಿದರೆ ಗಾಯ ಕೀವಾಗುತ್ತದೆಂಬ ನಂಬಿಕೆ. ಅದು ಸರಿಯೋ ತಪ್ಪೋ, ಮೇಲಿನ ಕಚೇರಿಗೆ ಅದು ಚೆನ್ನಾಗಿ ತಿಳಿದಿತ್ತು. ಹೀಗಿರುವಾಗ ಚಳಿಗಾಲದ ಒಂದು ಬುಧವಾರ ತಪ್ಪಿತೆಂದರೆ, ನಾಲ್ಕರಲ್ಲಿ ಒಂದು ಅವಕಾಶ ತಪ್ಪಿದಂತೆ.

ಆ ವರ್ಷದ ನವೆಂಬರದಲ್ಲಿ ಮೊದಲನೆಯದು ತಪ್ಪಿತು. ಡಿಸೆಂಬರದಲ್ಲಿ ಎರಡನೆಯದು. ಎರಡೂ ಸಲ ಜೀಪು ಕುಟುಂಬ ಯೋಜನೆಯ ಶಿಬಿರಗಳಿಗೆ ಹೋಗಿತ್ತು. ಡಾಕ್ಟರರೂ ಅದರಲ್ಲಿಯೇ ಹೋಗಿದ್ದರು. ಇದನ್ನು ನಾನು ಆಗಲೇ ವಿಚಾರಿಸಿ, ಖಚಿತ ಮಾಡಿಕೊಂಡು, ನನ್ನ ಪತ್ರಿಕೆಗೆ ವರದಿ ಕಳಿಸಿದೆ. ಅದು ಅಚ್ಚಾಗಲಿಲ್ಲ. ತುರ್ತುಪರಿಸ್ಥಿತಿಯ ಆ ದಿನಗಳನ್ನು ಕಂಡವರಿಗೆ ಕಾರಣ ಹೇಳಬೇಕಾಗಿಲ್ಲ.

ಡಿಸೆಂಬರದ ಆ ಮಧ್ಯಾಹ್ನ ಬಾತ್ಮಿಗಾಗಿ ಹೋಗಿದ್ದ ನಾನು ಪಡಸಾಲೆಯಲ್ಲಿದ್ದೆ. ಹೊರ್ತಿಯ ಕುರಿಗಾರ ಮನೆತನದ ರೇವವ್ವ, ಎರಡೂ ಕಣ್ಣುಗಳಿಗೆ ಪೊರೆ ಬಂದವರು, ಎರಡನೆಯ ಸಲ ರೆಪ್ಪೆ ಕೊಯ್ಯಿಸಿಕೊಂಡು ಕುಳಿತಿದ್ದರು. ಜೀಪು ಬರುವುದಿಲ್ಲವೆಂಬುದು ಖಾತ್ರಿಯಾದಾಗ ಅವರು ಕಾಶಿಬಾಯಿಯವರ ದನಿ ಬಂದ ಕಡೆಗೆ ಮುಖ ತಿರುಗಿಸಿ ಹೇಳಿದರು:

“ಬಾಯಾರ, ಹ್ವಾದ ತಿಂಗಳ ಕೊಯ್ದ್ರಿ, ಈ ತಿಂಗಳ ಕೊಯ್ದ್ರಿ. ನಮ್ಮ ಹೊಲದಾಗ ವರ್ಷಕ್ಕ ಒಂದ ಬೆಳಿ. ನಿಮ್ಮ ಸರಕಾರಕ್ಕ ನನ್ನ ರೆಪ್ಪ್ಯಾಗ ತಿಂಗಳಿಗೊಂದು ಸುಗ್ಗಿ ನೋಡ್ರಿ!”

ಗೋಡೆಗುಂಟ ಕುಳಿತವರೆಲ್ಲ ನಕ್ಕರು. ಕಾಶಿಬಾಯಿಯವರು ನಗಲಿಲ್ಲ.

“ನಿಮಗ ಅಂದಿಲ್ರೀ ನಮ್ಮವ್ವ, ಸರಕಾರಕ್ಕ ಅಂದ್ನಿ” ಎಂದರು ರೇವವ್ವ.

“ಸರಕಾರ ಇಲ್ಲೆಲ್ಲೈತಿ ಆಯಿ? ಕತ್ತರಿ ಹಿಡದಾಕಿ ನಾನ ಅದೇನಿ.” ಕಾಶಿಬಾಯಿಯವರು ಕತ್ತರಿಯನ್ನು ಒರೆಸಿ ಡಬ್ಬಿಯಲ್ಲಿಟ್ಟರು. “ಇನ್ನ ಮುಂದ ಜೀಪ ಗೇಟಿನ ಒಳಗ ಬಂದು ನಿಂತ ಮ್ಯಾಲೆ ಇದನ್ನ ತಗೀತೇನಿ. ಅಲ್ಲೀತನಾ ಯಾವ ಸಾಹೇಬ್ರು ಹೇಳಿದ್ರೂ ತಗಿಯೂದಿಲ್ಲ.”

ಮುನ್ನಾದಿನವೇ ಕತ್ತರಿಸಬೇಕೆಂಬ ನಿಯಮವನ್ನು ಅವರು ಹೀಗೆ ಮುರಿದರು. ಜಿಲ್ಲೆಯ ಬೇರೆ ಯಾವ ಆಸ್ಪತ್ರೆಯಲ್ಲಿಯೂ ಹಾಗೆ ಮಾಡಿದ್ದನ್ನು ನಾನು ಕೇಳಿಲ್ಲ.

ಆ ತಿಂಗಳು ಮುಗಿಯುವುದರೊಳಗೆ ರೇವವ್ವನವರ ಬಲಗಣ್ಣು ಕೆಂಪೇರಿ, ನೋವು ತಡೆಯಲಾಗದೆ, ಮಗ ಸಿದ್ದರಾಯ ತಾಯಿಯನ್ನು ಚಕ್ಕಡಿಯಲ್ಲಿ ಮಲಗಿಸಿಕೊಂಡು ಬಂದ. ಆಸ್ಪತ್ರೆಯಲ್ಲಿಯೇ ಇರುತ್ತಿದ್ದ ಡಾಕ್ಟರ್ ಬಸಂತರಾಯರು ಪರೀಕ್ಷಿಸಿದರು. ಪೊರೆ ಮಿತಿಮೀರಿ ಹಣ್ಣಾಗಿ ಕಣ್ಣಿನ ಒಳಗೆ ಒತ್ತಡ ಏರಿತ್ತು. ನೋವಿಗೆ ಔಷಧ ಸಿಕ್ಕಿತು, ದೃಷ್ಟಿ ಮರಳಲಿಲ್ಲ. ನವೆಂಬರದಲ್ಲಿ ತೆಗೆದಿದ್ದರೆ ಆ ಕಣ್ಣು ಉಳಿಯುತ್ತಿತ್ತೆಂದು ಬಸಂತರಾಯರೇ ನನಗೆ ಹೇಳಿದರು. ಎಡಗಣ್ಣಿನ ಪೊರೆಯೂ ಅದೇ ಹಂತಕ್ಕೆ ಬರುತ್ತಿದೆ, ಬೇಸಿಗೆ ದಾಟುವುದಿಲ್ಲ ಎಂದೂ ಹೇಳಿದರು. ಉಳಿದದ್ದು ಆ ಒಂದು ಕಣ್ಣು, ಮತ್ತು ಶಿವರಾತ್ರಿಯೊಳಗಿನ ಎರಡು ಬುಧವಾರ.

ಜನವರಿಯ ಬುಧವಾರ ಜೀಪು ಬರಲಿಲ್ಲ. ರೆಪ್ಪೆಗಳು ಮಾತ್ರ ಉಳಿದವು. ಜನ ಊರಿಗೆ ಹೋದರು. ಶುಕ್ರವಾರ ಜೀಪು ಬಂತು. ಅಂದು ಸಂಕ್ರಮಣ. ಹಳ್ಳಿಗೆ ಹಳ್ಳಿಯೇ ಎಳ್ಳು ಹಚ್ಚಿ ಮಿಂದು, ಬುತ್ತಿ ಕಟ್ಟಿಕೊಂಡು ಹೊಳೆಗೂ ಹೊಲಕ್ಕೂ ಹೋಗಿತ್ತು. ಹೇಳದೆ ಕೇಳದೆ ಬಂದ ಜೀಪು ಒಂದು ತಾಸು ನಿಂತು ಹಿಂದಕ್ಕೆ ಹೋಯಿತು. ಮುಂದಿನ ವಾರದ ಸಭೆಯಲ್ಲಿ ಮೇಲಿನ ಅಧಿಕಾರಿಗಳು ಎಲ್ಲರೆದುರು ಘೋಷಿಸಿದರು: ಕರಿಮಡ್ಡಿಯಲ್ಲಿ ರೋಗಿಗಳು ಗೈರುಹಾಜರಾಗುತ್ತಾರೆ, ಹೀಗೆಯೇ ನಡೆದರೆ ಅಲ್ಲಿಯ ಭೇಟಿಯನ್ನು ನಿಲ್ಲಿಸಲಾಗುವುದು.

ಮೂರು ತಿಂಗಳು ತಾವೇ ದಿನ ತಪ್ಪಿಸಿ, ಆ ತಪ್ಪನ್ನು ಕಾಯ್ದವರ ತಲೆಗೆ ಕಟ್ಟಿದ ಈ ಮಾತನ್ನು ನಾನು ಇಂದಿಗೂ ಕ್ಷಮಿಸಿಲ್ಲ.

ಸಭೆಯಿಂದ ಮರಳಿದ ಬಸಂತರಾಯರು ಸಿಸ್ಟರಿಗೆ ಸುದ್ದಿ ಹೇಳಿದಾಗ ಆಸ್ಪತ್ರೆಯ ಅಂಗಳದಲ್ಲಿದ್ದವರಿಗೆಲ್ಲ ಉತ್ತರ ಕೇಳಿಸಿತು.

“ನಿಮ್ಮ ಮಂದಿಗೆ ಕಣ್ಣ ಬೇಕಾಗಿಲ್ಲ ಅಂದ್ರು ಸಾಹೇಬ್ರು.”

“ಹೌದ್ರ್ಯಾ? ಬೀಗರ ಮನೀಗೆ ಹೋಗಬೇಕಾದ್ರೂ ಒಂದ ಮಾತ ಹೇಳಿ ಕಳಸ್ತಾರ. ಸಂಕ್ರಮಣದ ದಿನಾ ಕಳ್ಳರಗತೆ ಬಂದು ಹ್ವಾದ್ರ, ಬಾಗಲಾಗ ಆರತಿ ಹಿಡಕೊಂಡು ಯಾರ ನಿಂತಿರಬೇಕಾಗಿತ್ತು?”

“ನನ್ನ ಮ್ಯಾಲೆ ಯಾಕ ಒದರ್ತೀರಿ ಕಾಶಿಬಾಯಿ? ನಮ್ಮ ಕೈಯಾಗ ಏನೈತಿ?”

“ಅದನ್ನೂ ನೋಡೂಣ್ರಿ” ಎಂದರು ಅವರು.

೧೯೭೭ರ ಫೆಬ್ರುವರಿ ಒಂಬತ್ತು ಶಿವರಾತ್ರಿಗೆ ಮುಂಚಿನ ಕೊನೆಯ ಬುಧವಾರ. ಜನ ಮತ್ತೆ ಬಂದರು. ನಾಲ್ಕನೆಯ ಸಲವೂ ಬಂದವರನ್ನು ಗೈರುಹಾಜರಾದವರೆಂದು ಕರೆಯಲು ಎಂಥ ಎದೆ ಬೇಕೋ ನಾನರಿಯೆ. ಹತ್ತು ಗಂಟೆಗೆ ಜೀಪು ಬಾರದೆ ಸುದ್ದಿ ಬಂತು: ಅದನ್ನು ಲೋಕಸಭಾ ಚುನಾವಣೆಯ ಕೆಲಸಕ್ಕೆ ತೆಗೆದುಕೊಂಡಿದ್ದಾರೆ. ಮಾರ್ಚಿನಲ್ಲಿ ನೋಡೋಣ ಎಂದರು ಬಸಂತರಾಯರು.

“ಶಿವರಾತ್ರಿ ದಾಟಿದ ಮ್ಯಾಲೆ ನಾ ಒಲ್ಲೆ” ಎಂದರು ರೇವವ್ವ. “ದೀಪಾಳಿಗೆ ಬರ್ತೇನಿ.”

ದೀಪಾವಳಿಗೆ ಆ ಕಣ್ಣು ಇರುವುದಿಲ್ಲವೆಂದು ಕಾಶಿಬಾಯಿಯವರು ತಿಳಿಸಿ ಹೇಳಿದರು, ಬೈದರು, ಕೈ ಹಿಡಿದು ಕೇಳಿದರು. ಮುದುಕಿ ಜಗ್ಗಲಿಲ್ಲ. ಆಗ ಸಿಸ್ಟರು ಹೆದ್ದಾರಿಗೆ ನಡೆದು ಹೋಗಿ, ಸೊಲ್ಲಾಪುರದಲ್ಲಿ ಶೇಂಗಾ ಇಳಿಸಿ ಖಾಲಿ ಮರಳುತ್ತಿದ್ದ ಮಶಾಕಸಾಬ ಎಂಬವರ ಲಾರಿಗೆ ಅಡ್ಡ ನಿಂತರು. ಇದನ್ನು ಮುಂದೆ ಇಬ್ಬರಿಂದಲೂ ಬೇರೆ ಬೇರೆಯಾಗಿ ಕೇಳಿ ಬರೆದುಕೊಂಡಿದ್ದೇನೆ, ಮಾತುಗಳು ತಾಳೆಯಾಗುತ್ತವೆ.

“ಬಾಯಾರ, ಇದರಾಗ ಚೀಲ ಏರ್ತಾವ. ಮಂದಿ ಏರಿದ್ರ ಪೊಲೀಸ ಬಿಡೂದಿಲ್ರಿ.”

“ಆ ಪೊಲೀಸನ ಹೆಂಡ್ತಿ ಬಾಣಂತನಾ ಮಾಡಿದಾಕಿ ನಾನ. ಹಿಂದಿನ ಫಳಿ ತಗಿ ಮೊದಲ.”

ಲಾರಿ ಆಸ್ಪತ್ರೆಯ ಮುಂದೆ ಬಂದು, ಹಿಂದಿನ ಹಲಗೆ ತೆಗೆದು ರೋಗಿಗಳನ್ನು ಹತ್ತಿಸುವಾಗ ಬಸಂತರಾಯರು ಗೇಟಿನವರೆಗೆ ಓಡಿ ಬಂದರು. “ಪರವಾನಿಗಿ ಇಲ್ಲದ ಹ್ವಾದ್ರ ನಿಮ್ಮ ನೌಕರಿಗೆ ಬರ್ತೈತ್ರಿ!”

“ಬರ್ಲಿ ಬಿಡ್ರಿ ಸಾಹೇಬ್ರ. ಅದೊಂದಾದ್ರೂ ಹೇಳಿದ ಹೊತ್ತಿಗೆ ಬರ್ಲಿ.”

ಲಾರಿ ನಿಂತದ್ದು ಜಿಲ್ಲೆಯ ಊರಿನಲ್ಲಿ, ಮೇಲಿನ ಕಚೇರಿಯ ಮುಂದೆ. ಆ ಅಧಿಕಾರಿಯ ಹೆಸರನ್ನು ಬರೆಯುವುದಿಲ್ಲ. ಅಭಿನಂದನ ಗ್ರಂಥದಲ್ಲಿ ಅವರಿಗೆ ಜಾಗವಿಲ್ಲ. ಚುನಾವಣೆಯ ಬಾತ್ಮಿಗಾಗಿ ಊರಿನಲ್ಲಿದ್ದ ನಾನು ಗದ್ದಲ ಕೇಳಿ ಅಲ್ಲಿಗೆ ಹೋದೆ. ಒಬ್ಬರ ಹೆಗಲ ಮೇಲೆ ಒಬ್ಬರು ಕೈಯಿಟ್ಟುಕೊಂಡು ಇಳಿದ ಕುರುಡರ ಸಾಲು ಕಚೇರಿಯ ಮೆಟ್ಟಿಲುಗಳ ತುಂಬ ಕುಳಿತುಬಿಟ್ಟಿತ್ತು. ಅಧಿಕಾರಿಗಳು ಹೊರಗೆ ಬಂದರು.

“ಯಾರಿವರು? ಇಲ್ಲ್ಯಾಕ ಕುಂತಾರ?”

“ಕರಿಮಡ್ಡಿ ರೋಗಿಗಳ್ರಿ” ಎಂದರು ಕಾಶಿಬಾಯಿಯವರು. “ಗೈರುಹಾಜರ ಅಂದಿದ್ರೆಲ್ಲ, ಅವ್ರು. ಹಾಜರ ಆಗ್ಯಾರ.”

“ಸಿಸ್ಟರ್, ಇದು ಶಿಸ್ತಲ್ಲ.”

ಉತ್ತರ ಕೊಟ್ಟವರು ರೇವವ್ವ. ಅವರು ಅಧಿಕಾರಿಗಳತ್ತ ತಿರುಗಲಿಲ್ಲ. ಮಗನನ್ನು ಕೇಳಿದರು, ದೊಡ್ಡ ದನಿಯಲ್ಲಿ: “ಸಿದ್ರಾಯಾ, ಸಾಹೇಬ್ರು ಯಾಕ ಸಿಟ್ಟಿಗೆದ್ದಾರೋ? ನಾವೂ ದಿನಾ ತಪ್ಪಿ ಬಂದೇವೇನ?”

ಕಚೇರಿಯ ಗುಮಾಸ್ತರೊಬ್ಬರು ಬಾಯಿಗೆ ಕೈ ಹಚ್ಚಿಕೊಂಡು ಒಳಗೆ ಹೋದರು. ಅಧಿಕಾರಿಗಳು ನನ್ನನ್ನು ನೋಡಿದರು. ಚುನಾವಣೆ ಬಂದಿತ್ತು, ಪತ್ರಿಕೆಗಳು ಮತ್ತೆ ಬರೆಯತೊಡಗಿದ್ದವು. ಸಂಜೆಯ ಹೊತ್ತಿಗೆ ಕಣ್ಣಿನ ಡಾಕ್ಟರರನ್ನು ಕರೆಸಲಾಯಿತು. ಅವರು ಎಳೆಯ ವಯಸ್ಸಿನವರು. “ನಾ ಬರೂದಿಲ್ಲ ಅಂದಿಲ್ರಿ ಸಿಸ್ಟರ್, ಒಮ್ಮೆನೂ ಅಂದಿಲ್ಲ” ಎಂದರು. ಅದು ನಿಜವೆಂಬುದನ್ನು ನಾನು ವಿಚಾರಿಸಿ ತಿಳಿದಿದ್ದೇನೆ; ಆದ್ದರಿಂದ ಬರೆಯುತ್ತಿದ್ದೇನೆ. ಅವರು ಎದುರಿಗೆ ನಿಂತ ಮೇಲೆ ಕಾಶಿಬಾಯಿಯವರು ಡಬ್ಬಿ ತೆರೆದು ಕತ್ತರಿ ತೆಗೆದರು.

ಮರುದಿನ ಎಲ್ಲರಿಗೂ ಶಸ್ತ್ರಕ್ರಿಯೆಯಾಯಿತು. ರೇವವ್ವನವರ ಎಡಗಣ್ಣು ಉಳಿಯಿತು. ದಪ್ಪ ಕನ್ನಡಕ ಹಾಕಿಕೊಂಡು ಅವರು ಇಂದಿಗೂ ಉಣ್ಣೆ ನೂಲುತ್ತಾರೆ, ಎಳೆ ಕಡಿದರೆ ತಾವೇ ಹುಡುಕಿ ಹೊಸೆಯುತ್ತಾರೆ. ಬಲಗಣ್ಣು ಹೋದದ್ದಕ್ಕೆ ಯಾರೂ ಜವಾಬುದಾರರಾಗಲಿಲ್ಲ. ಆ ಕುರಿತು ವಿಚಾರಣೆಯೂ ನಡೆಯಲಿಲ್ಲ. ವಿಚಾರಣೆ ನಡೆದದ್ದು ಕಾಶಿಬಾಯಿಯವರ ಮೇಲೆ. ಅಪ್ಪಣೆಯಿಲ್ಲದೆ ಕೆಲಸದ ಸ್ಥಳ ಬಿಟ್ಟ ಕಾರಣಕ್ಕೆ, ಆಡಳಿತದ ಅನುಕೂಲವೆಂಬ ಹೆಸರಿನಲ್ಲಿ, ಅವರನ್ನು ಮುದ್ದೇಬಿಹಾಳಕ್ಕೆ ವರ್ಗ ಮಾಡಲಾಯಿತು. ನಾಲ್ಕು ತಿಂಗಳು ಹೇಳಿದ ದಿನ ಡಾಕ್ಟರರನ್ನು ತರಲು ಸಿಗದ ಜೀಪು, ಆ ಆದೇಶವನ್ನು ತಲುಪಿಸಲು ಬೆಳಿಗ್ಗೆ ಕಚೇರಿ ತೆರೆಯುವ ಹೊತ್ತಿಗೆ ಸರಿಯಾಗಿ ಬಂದಿತ್ತು.

ಅಲ್ಲಿಂದ ನಿವೃತ್ತಿಯವರೆಗಿನ ಅವರ ಸೇವೆಯನ್ನು ಈ ಗ್ರಂಥದಲ್ಲಿಯೇ ಬೇರೆಯವರು ಬರೆದಿದ್ದಾರೆ. ಶಾಲು ಹೊದಿಸುವ ಸಮಾರಂಭದಲ್ಲಿ ಅವರನ್ನು ಕರುಣೆಯ ಮೂರ್ತಿಯೆಂದು ಹಲವರು ಕರೆದರು. ಕರೆದವರಲ್ಲಿ ಅಂದು ಮೌನವಾಗಿದ್ದವರೂ ಇದ್ದರು. ಕಾಶಿಬಾಯಿಯವರು ಈಗ ಬಿದರಕುಂದಿಯ ಮನೆಯಲ್ಲಿದ್ದಾರೆ. ಬೆಳಗಾದರೆ ಕಟ್ಟೆಯ ಮೇಲೆ ಬಸುರಿಯರು, ಬಾಣಂತಿಯರು ಬಂದು ಕೂರುತ್ತಾರೆ. ಯಾವ ದಿನ ಯಾವ ಡಾಕ್ಟರರು ಎಲ್ಲಿರುತ್ತಾರೆಂಬುದನ್ನು ಅವರು ಇನ್ನೂ ಬಸ್‌ಸ್ಟ್ಯಾಂಡಿಗೆ ಹೋಗಿ ವಿಚಾರಿಸಿಕೊಂಡು ಬಂದು ಹೇಳುತ್ತಾರೆ. ಅವರಿಗೆ ಇನ್ನೂ ಬಹುಕಾಲದ ಆಯುಷ್ಯವೂ, ಆ ದನಿಗೆ ಅದೇ ಕಸುವೂ, ಆ ಸಿಟ್ಟಿಗೆ ತಕ್ಕ ಕೆಲಸವೂ ಇರಲಿ ಎಂದು ಹಾರೈಸುತ್ತೇನೆ.

ಒಂದು ಸಂಗತಿ ದಾಖಲಾಗಬೇಕಾಗಿ ಉಳಿದಿದೆ. ೧೯೭೭ರ ಮಾರ್ಚ್ ಒಂಬತ್ತು, ಎರಡನೆಯ ಬುಧವಾರ. ಕರಿಮಡ್ಡಿಯವರ ಗಲಾಟೆಯ ಸುದ್ದಿ ಕೇಳಿ, ಶಿವರಾತ್ರಿ ಕಳೆದಿದ್ದರೂ ಧೈರ್ಯಮಾಡಿ ಕೆಲವರು ಬಂದಿದ್ದರು. ಬೆಳಿಗ್ಗೆ ಒಂಬತ್ತಕ್ಕೆ ಜೀಪು ಬಂತು, ಕಣ್ಣಿನ ಡಾಕ್ಟರರು ಇಳಿದರು. ಕಾಶಿಬಾಯಿಯವರ ಜಾಗಕ್ಕೆ ಯಾರನ್ನೂ ಕೊಟ್ಟಿರಲಿಲ್ಲ. ಸಿಸ್ಟರ್ ಇಲ್ಲದ ಕಾರಣ ಅಂದಿನ ಶಸ್ತ್ರಕ್ರಿಯೆಗಳನ್ನು ರದ್ದುಪಡಿಸಲಾಯಿತು.